ಹೊನ್ನವ್ವ ಇಟ್ಟ ಕೊನೆಯ ಸೀಸೆ

ಬಹಳ ಹಿಂದಿನ ಮಾತು. ಕಂಪಿನಾಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿ ದೊಡ್ಡವರು ಸಂಜೆ ಹೊತ್ತು ತಾಮ್ರದ ಕೊಳವೆಯಲ್ಲಿ ಕಂಪಿನ ಆವಿ ಎಳೆಯುತ್ತಿದ್ದರು. ಅದರ ರಸ ಮನೆಯಲ್ಲೇ ಆಗುತ್ತಿತ್ತು. ಹೂವು ಹಣ್ಣಿನ ಸಾರ ಬೆರೆಸಿ, ಸೀಸೆಗೆ ತುಂಬಿ, ಕತ್ತಲಲ್ಲಿ ಮಾಗಲು ಇಡುತ್ತಿದ್ದರು.

ಹೊನ್ನವ್ವನ ರಸ ಅಂದರೆ ರಸ. ಅವಳ ಗಂಡ ಈರಭದ್ರನಿಗೆ ತಾಳ್ಮೆ ಇಲ್ಲ. ಇಟ್ಟ ಮಾರನೇ ದಿನವೇ ಮುಚ್ಚಳಕ್ಕೆ ಕೈ ಹಾಕುತ್ತಿದ್ದ. ಅವಳು ಕೈ ಮೇಲೆ ಒಂದು ಕೊಡುತ್ತಿದ್ದಳು.

"ಕೈ ತೆಗೀರಿ! ಇನ್ನೂ ಹಸಿ ಐತಿ."

ಒಮ್ಮೆ ಕೇದಿಗೆ ರಸ ಇಟ್ಟಳು. ಅದು ಮಾಗುವ ಮೊದಲೇ ಜ್ವರ ಬಂದು ತೀರಿಕೊಂಡಳು. ಸೀಸೆ ಗೋಡೆಯ ಗೂಡಿನಲ್ಲಿ ಉಳಿಯಿತು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ. ಈರಭದ್ರ ದಿನಾ ಬೆಳಿಗ್ಗೆ ಅದನ್ನು ಕುಲುಕಿ ಮತ್ತೆ ಇಡುತ್ತಿದ್ದ. ಅವಳು ಹಾಗೆ ಮಾಡುತ್ತಿದ್ದಳು.

ಆಗ ಕರಿಜಟೆ ಅನ್ನೋ ಮಾಂತ್ರಿಕ ಬಂದ. ಚೀಲದ ಬಾಯಿ ಬಿಚ್ಚಿದ. ರಾಜ್ಯದ ವಾಸನೆಯೆಲ್ಲ ಒಳಗೆ ಹೋಯಿತು. ಚೀಲ ಕಟ್ಟಿದ. ಮಲ್ಲಿಗೆ ಬರೀ ಬಿಳಿ ಆಯಿತು. ರೊಟ್ಟಿ ಮಣ್ಣಿನ ಹಾಗಾಯಿತು. ರಾಣಿಯ ಹಸುಗೂಸಿಗೆ ತಾಯಿಯ ಗುರುತು ಹತ್ತಲಿಲ್ಲ. ಅದು ಮೊಲೆ ಹಿಡಿಯಲಿಲ್ಲ. ದಿನೇ ದಿನೇ ಬಡವಾಯಿತು.

ಈರಭದ್ರ ಹೊನ್ನವ್ವನ ಸೀರೆ ಮೂಗಿಗೆ ಹಿಡಿದ. ಏನೂ ಇಲ್ಲ. ಅವಳ ವಾಸನೆಯೂ ಹೋಗಿತ್ತು.

ಒಮ್ಮೆ ಕಟ್ಟಿದ ಮೇಲೆ, ಹೊರಗಿನಿಂದ ಮಾಗಿದ ಕಂಪು ತಾಗಿದರೆ ಮಾತ್ರ ಆ ಚೀಲ ಹರಿಯುತ್ತದೆ. ಹಸಿ ಕಂಪನ್ನು ನುಂಗುತ್ತದೆ. ಊರವರ ತೆರೆದ ಸೀಸೆಗಳ ಕಂಪು ಮೊದಲೇ ಹೋಗಿತ್ತು; ಮಾಗದ ಸೀಸೆಗಳನ್ನೂ ಅವರು ಗಾಬರಿಯಲ್ಲಿ ತೆರೆದು ನೋಡಿದ್ದರು. ಎಲ್ಲ ಚೀಲದ ಪಾಲಾಗಿತ್ತು. ರಾಣಿ ತಾನೇ ಈರಭದ್ರನ ಬಾಗಿಲಿಗೆ ಬಂದಳು.

"ಅಣ್ಣಾ, ಮುಚ್ಚಿದ ಸೀಸೆ ಅಂತ ಉಳಿದಿರೋದು ನಿನ್ನದೊಂದೇ. ನನ್ನ ಕೂಸು ಉಳಿಸಿಕೊಡು."

"ಮಾಗಲಿ ತಾಯಿ. ಕೊಡ್ತೀನಿ."

ಕರಿಜಟೆಗೆ ಸುದ್ದಿ ಮುಟ್ಟಿತು. ಮುಚ್ಚಿದ ಸೀಸೆಯನ್ನು ಅವನು ಮುಟ್ಟುವ ಹಾಗಿರಲಿಲ್ಲ. ಮೊದಲು ಬೆಳಕಿನ ಹಕ್ಕಿ ಕಳಿಸಿದ. ಅದು ಗೂಡಿನ ಮುಂದೆ ಸೂರ್ಯನ ಹಾಗೆ ಉರಿಯಿತು. ಬೆಳಕಿಗೆ ರಸ ಕೆಡುತ್ತದೆ. ಈರಭದ್ರ ಹೊನ್ನವ್ವನ ಸೀರೆಯನ್ನು ಸೀಸೆಗೆ ಸುತ್ತಿದ. ಹಕ್ಕಿ ಸೋತು ಹಾರಿತು.

ಆಮೇಲೆ ಬೆಂಕಿ ಓತಿ ಬಂತು. ಸೀಸೆಯ ಪಕ್ಕ ಸುತ್ತಿಕೊಂಡು ಕೂತಿತು.

"ಬೆಚ್ಚಗಿದ್ದರೆ ಬೇಗ ಮಾಗುತ್ತೆ ಕಣೋ. ಕೂಸು ಸಾಯ್ತಾ ಇದೆ. ನೀನೆಂಥ ಮನುಷ್ಯ?"

ಈರಭದ್ರ ಸೀಸೆಯನ್ನು ಕೈಗೆತ್ತಿಕೊಂಡ. ಆದರೆ ಹೊನ್ನವ್ವ ಒಲೆ ಹತ್ತಿರ ಸೀಸೆ ಇಟ್ಟವಳಲ್ಲ. ಅವನು ಸೀಸೆಯನ್ನು ನೀರಿನ ಗಡಿಗೆಯ ಕೆಳಗಿನ ಹಸಿ ಮರಳಿನಲ್ಲಿ ಹೂತ. ಓತಿ ಆ ತಂಪಿಗೆ ಕೆಮ್ಮುತ್ತ ಓಡಿತು.

ಕೊನೆಗೆ ಒಂದು ದನಿ ಬಂತು. ಹೊನ್ನವ್ವನದೇ ದನಿ.

"ನಾ ಇದರೊಳಗ ಅದೀನ್ರೀ. ಉಸಿರು ಕಟ್ಟೇತಿ. ಒಂದ್ಸಲ ಮುಚ್ಚಳ ತೆಗೀರಿ."

ಈರಭದ್ರ ಅತ್ತ. ಸೀಸೆಯನ್ನು ಮರಳಿನಿಂದ ತೆಗೆದು ಸೀರೆ ಬಿಚ್ಚಿದ. ಮುಚ್ಚಳಕ್ಕೆ ಕೈ ಹಾಕಿದ. ಹಾಕಿ, ಕಾದ. ಕೈ ಮೇಲೆ ಏಟು ಬೀಳಲಿಲ್ಲ.

"ನೀ ನನ್ನ ಹೆಂಡತಿ ಅಲ್ಲ," ಅಂದ. "ನಮ್ಮಾಕಿ ಹಸಿ ಸೀಸೆ ಮುಟ್ಟಾಕ ಬಿಟ್ಟಾಕಿ ಅಲ್ಲ."

ದನಿ ಕರಿಜಟೆಯ ದನಿಯಾಗಿ ಬೈದುಕೊಂಡು ಹೋಯಿತು.

ಕೆಲವು ದಿನಕ್ಕೆ ರಸ ಮಾಗಿ ಬೆಲ್ಲದ ಬಣ್ಣಕ್ಕೆ ತಿರುಗಿತು. ಈರಭದ್ರ ಅದನ್ನು ಕೊಳವೆಗೆ ತುಂಬಿದ. ಊರ ಹೊರಗೆ ಚೀಲ ತಬ್ಬಿ ಕೂತಿದ್ದ ಕರಿಜಟೆಯ ಎದುರು ನಿಂತ. ಒಂದು ಉಸಿರು ಎಳೆದು ಬಿಟ್ಟ. ಕೇದಿಗೆಯ ಕಂಪು ತಾಗಿತು. ಚೀಲ ಚರ್ರನೆ ಹರಿಯಿತು. ಚೀಲವಿಲ್ಲದ ಕರಿಜಟೆ ಬರೀ ಹೊಗೆ. ಗಾಳಿ ಬಂತು, ಅವನಿಲ್ಲ.

ವಾಸನೆಗಳು ತಮ್ಮ ತಮ್ಮ ಮನೆಗೆ ಹೋದವು. ಮಲ್ಲಿಗೆಯದು ಮಲ್ಲಿಗೆಗೆ, ರೊಟ್ಟಿಯದು ರೊಟ್ಟಿಗೆ. ಕೂಸು ತಾಯಿಯ ಎದೆ ಹುಡುಕಿ ಗಬಗಬ ಕುಡಿಯಿತು.

"ಏನು ಬೇಕು ಕೇಳಣ್ಣಾ," ಅಂದಳು ರಾಣಿ.

"ಬೇಕಾದ್ದು ಬಂದೈತಿ ತಾಯಿ," ಅಂದ ಈರಭದ್ರ. ಸೀರೆ ಅವನ ಮೂಗಿನ ಹತ್ತಿರ ಇತ್ತು.

ಆ ರಾಜ್ಯದವರು ಹೊಟ್ಟೆ ತುಂಬ ಉಂಡು, ನಕ್ಕು, ಬಹಳ ಕಾಲ ಬಾಳಿದರು. ಈರಭದ್ರ ಈಗ ತಾನೇ ರಸ ಇಡುತ್ತಾನೆ. ಯಾರಾದರೂ ಮುಚ್ಚಳಕ್ಕೆ ಕೈ ಹಾಕಿದರೆ ಒಂದು ಕೊಡುತ್ತಾನೆ. ಕೊಟ್ಟು, ಮನಸ್ಸಿನಲ್ಲೇ ಅವಳಿಗೆ ಕೈ ಮುಗಿಯುತ್ತಾನೆ.