ರೇಷ್ಮೆ ಪದರದ ಕೆಳಗೆ

"ಮೇಡಂ, ನಿಮ್ಮ ಗ್ರಾಫ್ ಚೆನ್ನಾಗಿದೆ. ಆದ್ರೆ ನೀವು ಹೇಳ್ತಿರೋ ತೀರ್ಮಾನ ಅದ್ರಿಂದ ಬರಲ್ಲ!"

ಜೆ.ಪಿ. ನಗರದ ಆ ಸಂಶೋಧನಾ ಕೇಂದ್ರದ ಸಭಾಂಗಣದಲ್ಲಿ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ವೇದಿಕೆಯ ಮೇಲಿದ್ದ ಶಾಲಿನಿ ಮೈಕನ್ನು ಬಿಗಿಯಾಗಿ ಹಿಡಿದಳು.

ಯಾರಿವನು?!

ಕೊನೆಯ ಸಾಲಿನಲ್ಲಿ ಸಣಕಲು ಮೈಕಟ್ಟಿನ ಯುವಕನೊಬ್ಬ ಎದ್ದು ನಿಂತಿದ್ದ. ದಪ್ಪ ಕನ್ನಡಕ, ಇಸ್ತ್ರಿ ಕಾಣದ ಷರ್ಟು.

ಶಾಲಿನಿ ಗೊಟ್ಟಿಗೆರೆಯ ಬೋರಣ್ಣನ ಮಗಳು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳಿವೆ. "ನನ್ ಮಗ್ಳು ಡಾಕ್ಟ್ರು. ಆದ್ರೆ ಇಂಜೆಕ್ಷನ್ ಹಾಕಲ್ಲ" ಎಂದು ಬಾಡಿಗೆಯವರಿಗೆಲ್ಲ ಹೇಳಿಕೊಂಡು ತಿರುಗುವುದೇ ಬೋರಣ್ಣನಿಗೆ ಹಬ್ಬ. ರೇಷ್ಮೆಗೂಡಿನಿಂದ ಪ್ರೋಟೀನ್ ತೆಗೆದು, ಸ್ಪಂಜಿನಂಥ ತೆಳು ಪದರ ಮಾಡಿ, ಸಕ್ಕರೆ ಕಾಯಿಲೆಯವರ ಕಾಲಿನ ಮಾಯದ ಹುಣ್ಣಿಗೆ ಅದನ್ನು ಹೊದಿಸುವುದು ಅವಳ ಸಂಶೋಧನೆ.

"ನಿಮ್ಮ ಹೆಸ್ರು ಸಾರ್?" ಅವಳ ದನಿ ನಡುಗಲಿಲ್ಲ.

"ವಸಿಷ್ಠ. ಗಣಿತ ವಿಭಾಗ."

"ಸಕ್ಕರೆ ಕಾಯಿಲೆಯವರ ಹುಣ್ಣನ್ನ ಯಾವತ್ತಾದ್ರೂ ಕಣ್ಣಾರೆ ನೋಡಿದೀರಾ?"

"ಇಲ್ಲ."

ಸಭೆಯಲ್ಲಿ ನಗು ಹರಡಿತು.

"ನಾಳೆ ಬೆಳಿಗ್ಗೆ ಬನಶಂಕರಿಗೆ, ನಮ್ ಆಸ್ಪತ್ರೆಗೆ ಬನ್ನಿ. ನೋಡಿ, ಆಮೇಲೆ ಮಾತಾಡಿ."

"ಬರ್ತೀನಿ. ಎಷ್ಟು ಹೊತ್ತಿಗೆ?"

ಅವನು ಅಷ್ಟು ಸಲೀಸಾಗಿ ಒಪ್ಪಿಬಿಡುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

ಮರುದಿನ ಅವನು ಬಂದೇ ಬಂದ. ಅರೆಕೆರೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಹನುಮಯ್ಯನವರ ಕಾಲಿನ ಬ್ಯಾಂಡೇಜನ್ನು ನರ್ಸ್ ಬಿಚ್ಚಿದ ಕೂಡಲೇ ವಸಿಷ್ಠನ ಮುಖ ಬಿಳುಚಿತು. ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕುಳಿತುಬಿಟ್ಟ.

"ಅಯ್ಯೋ, ಮೊದ್ಲು ಇವ್ರನ್ನ ಅಡ್ಮಿಟ್ ಮಾಡ್ಕೊಳಿ!" ಎಂದರು ಹನುಮಯ್ಯ.

ಶಾಲಿನಿಗೆ ನಗು ತಡೆಯಲಾಗಲಿಲ್ಲ. ನೀರಿನ ಬಾಟಲಿ ಕೊಟ್ಟಳು. ಅವನು ಒಂದು ಗುಟುಕು ಕುಡಿದು, ನೆಲದ ಮೇಲೆ ಕುಳಿತೇ ಹೇಳಿದ.

"ಮೇಡಂ, ನೀವು ಲೆಕ್ಕ ಹಾಕಿದ್ದು ವಾಪಸ್ ಚೆಕಪ್‌ಗೆ ಬಂದವ್ರನ್ನ ಮಾತ್ರ. ವಾಸಿ ಆಗ್ದೇ ಇರೋವ್ರು ಬೇಜಾರಾಗಿ ಬೇರೆ ಕಡೆ ಹೋಗಿರ್ತಾರೆ. ಅವ್ರು ನಿಮ್ಮ ಗ್ರಾಫಲ್ಲೇ ಇಲ್ಲ."

ಶಾಲಿನಿಯ ನಗು ನಿಂತಿತು. ಹೌದಲ್ಲ... ಇದು ನನಗೇಕೆ ಹೊಳೆಯಲಿಲ್ಲ?

"ಸರಿ. ಹಾಗಾದ್ರೆ ಸರಿಯಾಗಿ ಮಾಡೋದು ಹೇಗೆ? ಹೇಳಿ, ಮಾಡ್ತೀನಿ" ಎಂದಳು.

ಆ ಮಾತು ವಸಿಷ್ಠನನ್ನು ಗೆದ್ದುಬಿಟ್ಟಿತು. ಅದು ಅವಳಿಗೆ ಗೊತ್ತಾಗಲಿಲ್ಲ, ಅಷ್ಟೇ.

ಮುಂದೆ ಇಬ್ಬರೂ ಕೂತು ಹೊಸ ಪ್ರಯೋಗಕ್ಕೆ ಯೋಜನೆ ಹಾಕಿದರು. ಯಾರಿಗೆ ರೇಷ್ಮೆ ಪದರ, ಯಾರಿಗೆ ಮಾಮೂಲಿ ಡ್ರೆಸ್ಸಿಂಗ್ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಅದು ಶಾಲಿನಿಗೂ ತಿಳಿಯಬಾರದು. ಕಾಲಿನ ಬಿಸಿಯನ್ನು ಹಿಡಿಯುವ ಕ್ಯಾಮೆರಾದ ಚಿತ್ರಗಳನ್ನು ಓದಲು ವಸಿಷ್ಠ ಒಂದು ಪ್ರೋಗ್ರಾಂ ಬರೆದುಕೊಟ್ಟ.

ಕೆಲಸ ಮುಗಿದ ಮೇಲೂ ಮಾತು ಮುಗಿಯುತ್ತಿರಲಿಲ್ಲ. ಜಯನಗರದ ಫೋರ್ತ್ ಬ್ಲಾಕಿನಲ್ಲಿ ನಿಂತು ಕಾಫಿ ಕುಡಿಯುತ್ತಾ ಅವನು ಯಾವುದೋ ಪ್ರಮೇಯವನ್ನು ಗಾಳಿಯಲ್ಲಿ ಬರೆಯುತ್ತಿದ್ದ. ಅರ್ಥವಾಗದಿದ್ದರೂ ಆ ಬೆರಳುಗಳನ್ನು ನೋಡುವುದು ಅವಳಿಗೆ ಇಷ್ಟವಾಗುತ್ತಿತ್ತು.

"ಯಾರೇ ಅದು, ಫೋನಲ್ಲಿ ಅಷ್ಟೊಂದು ನಗ್ತೀಯಲ್ಲ?" ಎಂದು ಅಮ್ಮ ಗೌರಮ್ಮ ಕೇಳಿದರೆ, "ಗಣಿತದ ಮೇಷ್ಟ್ರು ಕಣಮ್ಮ" ಎನ್ನುತ್ತಿದ್ದಳು.

"ಗಣಿತದಲ್ಲಿ ನಗೋಕೇನಿದೆ?!"

ಇದ್ದಕ್ಕಿದ್ದಂತೆ ಒಂದು ದಿನ ಎಲ್ಲವೂ ನಿಂತುಹೋಯಿತು.

ಅವಳು ಫೋನ್ ಮಾಡಿದರೆ ವಸಿಷ್ಠ ಎತ್ತುತ್ತಿರಲಿಲ್ಲ. ಮೆಸೇಜಿಗೆ ಉತ್ತರವಿಲ್ಲ. ಕಾರಿಡಾರಿನಲ್ಲಿ ಎದುರಾದರೆ ತಲೆ ತಗ್ಗಿಸಿ ಬೇರೆ ದಾರಿ ಹಿಡಿಯುತ್ತಿದ್ದ. ದಿನಗಳು ವಾರಗಳಾದವು.

ಶಾಲಿನಿ ತನಗೆ ತಾನೇ ಉತ್ತರ ಹುಡುಕಿಕೊಂಡಳು. ಜಯನಗರದ ಹಳೇ ಮನೆತನ ಅವರದು. ಗೊಟ್ಟಿಗೆರೆ ಬೋರಣ್ಣನ ಮಗಳು ಅಂತ ಮನೆಯಲ್ಲಿ ಗೊತ್ತಾಗಿರಬೇಕು... ಅಷ್ಟೇ! ಧೈರ್ಯ ಇಲ್ಲದವನು!

ಆ ನೋವು ಆರುವ ಮೊದಲೇ ಇನ್ನೊಂದು ಪೆಟ್ಟು ಬಿತ್ತು. ನಿರ್ದೇಶಕ ವೆಂಕಟಾಚಲ ಅವಳನ್ನು ಕೋಣೆಗೆ ಕರೆಸಿದರು.

"ಕೂತ್ಕೋಮ್ಮ. ನಿನ್ನ ಪ್ರಯೋಗ ಸದ್ಯಕ್ಕೆ ನಿಲ್ಲಿಸ್ಬೇಕು ಅಂತ ರೋಗಿಗಳ ಮೇಲೆ ಕಣ್ಣಿಡೋ ಸುರಕ್ಷತಾ ಸಮಿತಿ ಹೇಳಿದೆ. ಹುಣ್ಣು ಮುಚ್ಚಿರೋ ಎಲ್ಲರನ್ನೂ ಮತ್ತೆ ಪರೀಕ್ಷೆ ಮಾಡ್ಬೇಕಂತೆ."

"ಸಮಿತೀಲಿ ಯಾರು ಸಾರ್ ಹೇಳಿದ್ದು?"

"ವಸಿಷ್ಠ."

ಶಾಲಿನಿ ಮೆಟ್ಟಿಲಿಳಿದು ನೇರವಾಗಿ ಗಣಿತ ವಿಭಾಗಕ್ಕೆ ಹೋದಳು. ಅವನು ಕರಿಹಲಗೆಯ ಮುಂದೆ ನಿಂತಿದ್ದ.

"ನೀವಾ ನಿಲ್ಲಿಸಿದ್ದು?"

"ಹೌದು."

"ಯಾಕೆ?"

"ಹೇಳೋ ಹಾಗಿಲ್ಲ, ಶಾಲಿನಿ."

"ನನ್ ಜೊತೆ ಕೂತು ಕಟ್ಟಿದ್ದನ್ನ ನನಗೆ ಹೇಳ್ದೇ ಕೆಡವಿದ್ರಿ! ಅದಕ್ಕೇನಾ ಮುಖ ತಪ್ಪಿಸ್ಕೊಂಡು ಓಡಾಡ್ತಿದ್ದಿದ್ದು?"

ಅವನು ಕರಿಹಲಗೆಯ ಕಡೆ ತಿರುಗಿದ.

"ಸಾಕು ಬಿಡಿ" ಎಂದು ಅವಳು ಹೊರನಡೆದಳು. ಆಟೋ ಹತ್ತಿದ ಮೇಲಷ್ಟೇ ಕಣ್ಣೀರು ಉಕ್ಕಿತು.

ಮರುಪರೀಕ್ಷೆಗೆ ಮೊದಲು ಕರೆಸಿದ್ದು ಹನುಮಯ್ಯನವರನ್ನು. ಹೊಸ ಪ್ರಯೋಗಕ್ಕೆ ಸೇರಿದವರಲ್ಲಿ ಅವರ ಹುಣ್ಣು ಎಲ್ಲರಿಗಿಂತ ಚೆನ್ನಾಗಿ ಮುಚ್ಚಿತ್ತು. ಆ ಖುಷಿಗೆ ತಾವು ಒಂದು ಚೂರೂ ಬಾಯಿಗೆ ಹಾಕಿಕೊಳ್ಳದೆ ವಾರ್ಡಿಗೆಲ್ಲ ಮೈಸೂರುಪಾಕ್ ಹಂಚಿದ್ದರು.

ಶಸ್ತ್ರವೈದ್ಯ ಡಾ. ಸುಶ್ರುತ ಗಾಯದ ಗುರುತನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ನೋವಿದ್ಯಾ ಅಂಕಲ್?"

"ಆ ಕಾಲಲ್ಲಿ ಏನೂ ಗೊತ್ತಾಗಲ್ಲ ಡಾಕ್ಟ್ರೇ."

ಸುಶ್ರುತ ಸಣ್ಣದಾಗಿ ಕೊಯ್ದರು. ನುಣುಪಾದ ಹೊಸ ಚರ್ಮದ ಕೆಳಗಿನಿಂದ ಕೀವು ಹೊರಬಂತು. ಶಾಲಿನಿ ಬಗ್ಗಿ ನೋಡಿದಳು.

"ಇನ್ನೂ ಸ್ವಲ್ಪ ದಿನ ಬಿಟ್ಟಿದ್ರೆ ಮೂಳೆಗೆ ಇಳೀತಿತ್ತು. ಬೆರಳು ತೆಗೀಬೇಕಾಗ್ತಿತ್ತು. ಯಾರು ಕಂಡುಹಿಡಿದ್ರೋ, ಪುಣ್ಯಾತ್ಮರು" ಎಂದರು ಸುಶ್ರುತ.

ಯಾರೆಂದು ಶಾಲಿನಿಗೆ ಗೊತ್ತಿತ್ತು. ಹುಣ್ಣು ಮೇಲ್ನೋಟಕ್ಕೆ ಮುಚ್ಚಿದಂತೆ ಕಂಡರೂ ಕಾಲಿನ ಬಿಸಿ ಇಳಿದಿರಲಿಲ್ಲ. ಆ ಚಿತ್ರಗಳಲ್ಲಿ ಅವನು ಅದನ್ನೇ ನೋಡಿದ್ದ.

ಹೀಗೆ ಕೀವು ಕಟ್ಟಿದ್ದು ರೇಷ್ಮೆ ಪದರ ಹಾಕಿದವರಿಗೇ ಎಂದು ಸಮಿತಿ ತಿಳಿಸಿತು. ಅವಳು ಅಳುತ್ತಾ ಕೂರಲಿಲ್ಲ. ಗೊಟ್ಟಿಗೆರೆಯ ನೆಲದಲ್ಲಿ ಹುಟ್ಟಿದವಳು, ಬೆಳೆ ಕೆಟ್ಟರೆ ಬೇರು ಕಿತ್ತು ನೋಡುವುದು ರಕ್ತದಲ್ಲೇ ಇತ್ತು. ಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಮತ್ತೆ ಮತ್ತೆ ನೋಡಿದಳು. ತಪ್ಪು ಸಿಕ್ಕಿತು. ತಳದ ರಂಧ್ರಗಳು ತೀರಾ ಚಿಕ್ಕವು. ಒಳಗಿನಿಂದ ಮಾಂಸ ತುಂಬಿಕೊಳ್ಳುವ ಮೊದಲೇ ಮೇಲಿನ ಚರ್ಮ ಕೂಡಿಕೊಳ್ಳುತ್ತಿತ್ತು. ತಳದಲ್ಲಿ ದೊಡ್ಡ ರಂಧ್ರ, ಮೇಲೆ ಸಣ್ಣವು ಬರುವಂತೆ ಪದರವನ್ನು ಹೊಸದಾಗಿ ಹೆಪ್ಪುಗಟ್ಟಿಸಿದಳು. ಪರೀಕ್ಷೆಗಳ ಮೇಲೆ ಪರೀಕ್ಷೆ... ಕೊನೆಗೂ ಒಂದು ಶನಿವಾರ, ಪ್ರಯೋಗವನ್ನು ಮತ್ತೆ ಶುರುಮಾಡಲು ಸಮಿತಿ ಒಪ್ಪಿತು.

"ಶಭಾಷ್!" ಎಂದರು ವೆಂಕಟಾಚಲ. "ಇನ್ನೊಂದು ವಿಷ್ಯ. ಸಮಿತಿಯಲ್ಲಿದ್ದ ಗಣಿತದವ್ರು ಬಿಟ್ಟಾಗ ಆ ಜಾಗಕ್ಕೆ ವಸಿಷ್ಠನ್ನ ಹಾಕಿದ್ದು ನಾನೇ. ಯಾರಿಗೆ ರೇಷ್ಮೆ ಪದರ, ಯಾರಿಗೆ ಮಾಮೂಲಿ ಡ್ರೆಸ್ಸಿಂಗ್ ಅಂತ ಸಮಿತೀಲಿರೋ ಅವನಿಗೆ ಗೊತ್ತಿರುತ್ತೆ. ಹಾಗಾಗಿ ನಿನ್ನ ಜೊತೆ ಮಾತು ಬೇಡ ಅಂದಿದ್ದೆ. ಈಗ ಅವನು ಸಮಿತಿ ಬಿಟ್ಟಿದಾನೆ."

"ಯಾಕೆ ಸಾರ್?"

"ಅದನ್ನ ಅವನನ್ನೇ ಕೇಳಮ್ಮ."

ಭಾನುವಾರ ಬೆಳಿಗ್ಗೆ ಶಾಲಿನಿ ಜಯನಗರದ ಆ ಹಳೆಯ ಮನೆಯ ಗೇಟು ತೆರೆದಳು. ಹೆಜ್ಜೆ ಹಿಂಜರಿಯಲಿಲ್ಲ. ಬಾಗಿಲು ತೆರೆದದ್ದು ವಸಿಷ್ಠನ ತಾಯಿ ಚೂಡಾಮಣಿ. ಅವಳು ಹೆಸರು ಹೇಳುವ ಮೊದಲೇ ಅವರ ಮುಖ ಅರಳಿತು.

"ಶಾಲಿನಿ ಅಲ್ವಾ? ಬಾಮ್ಮ ಒಳಗೆ! ಎಷ್ಟು ದಿನದಿಂದ ಕಾಯ್ತಿದೀನಿ... ಇವ್ನಿಗೆ ಹೇಳಿ ಹೇಳಿ ಸಾಕಾಯ್ತು, ಕರ್ಕೊಂಡ್ ಬಾರೋ ಅಂತ. ಲೋ ವಸಿಷ್ಠ! ನೋಡು ಯಾರು ಬಂದಿದಾರೆ. ಕೂತ್ಕೋಮ್ಮ, ಕಾಫಿ ಮಾಡ್ತೀನಿ."

ಶಾಲಿನಿ ಬೆರಗಾಗಿ ನಿಂತಳು. ಈ ಮನೆಗೆ ನಾನು ಬೇಡದವಳು ಅಂದುಕೊಂಡಿದ್ದೆನಲ್ಲ!

ವಸಿಷ್ಠ ಕೋಣೆಯಿಂದ ಓಡಿಬಂದು ಎದುರಿಗೆ ನಿಂತ. ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತಿದ್ದ.

"ಹನುಮಯ್ಯನವರು ನಡೀತಿದಾರೆ. ನಿಮ್ಮಿಂದ" ಎಂದಳು.

"ನಿಮ್ಮಿಂದ. ನಾನು ನಿಲ್ಲಿಸಿದೆ, ಅಷ್ಟೇ. ಸರಿಮಾಡಿದ್ದು ನೀವು."

"ಸಮಿತಿ ಯಾಕೆ ಬಿಟ್ರಿ?"

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ವಸಿಷ್ಠ, ನನಗೆ ಕೋಪ ಬಂದಿದ್ದು ಪ್ರಯೋಗ ನಿಲ್ಸಿದ್ದಕ್ಕಲ್ಲ. ಹೇಳೋ ಹಾಗಿಲ್ಲ ಅನ್ನೋದನ್ನಾದ್ರೂ ಮೊದಲ್ನೇ ದಿನವೇ ಹೇಳ್ಬೇಕಿತ್ತು. ಏನೇನು ಅಂದ್ಕೊಂಡೆ ಗೊತ್ತಾ ನಾನು?"

"ತಪ್ಪಾಯ್ತು..." ಎಂದ ಅವನು. "ಎದುರಿಗೆ ಬಂದ್ರೆ ಎಲ್ಲಾ ಹೇಳ್ಬಿಡ್ತೀನಿ ಅಂತ ಹೆದರಿದ್ದೆ. ಬಿಡೋವಾಗ ಸಮಿತಿಯವ್ರೂ ಕಾರಣ ಕೇಳಿದ್ರು. ಅವಳ ಕೆಲಸದಲ್ಲಿ ತಪ್ಪಿದ್ರೆ ನಾನು ಹಿಡೀಬಲ್ಲೆ, ಆದ್ರೆ ಅವಳು ಅತ್ತರೆ ನನಗೆ ಕೂಡೋದು ಕಳೆಯೋದೂ ಮರೆತುಹೋಗುತ್ತೆ... ಅಂದೆ."

ಶಾಲಿನಿಯ ಕಣ್ಣು ತುಂಬಿತು. ಆದರೆ ಮುಖ ನಗುತ್ತಿತ್ತು.

"ಇಷ್ಟು ಜನಕ್ಕೆ ಹೇಳಿದೀರಾ. ನನಗೆ?"

"ನೀವಂದ್ರೆ ನನಗೆ ಪ್ರಾಣ, ಶಾಲಿನಿ. ನನ್ನ ಮದುವೆ ಆಗ್ತೀರಾ?"

"ಆಗ್ತೀನಿ!"

"ನಿಮ್ಮ ತಂದೆ...?"

"ಅಪ್ಪನ್ನ ನನಗೆ ಬಿಡಿ. ಒಬ್ಬ ಡಾಕ್ಟ್ರ ಜೊತೆ ಇನ್ನೊಬ್ರು, ಇಬ್ರೂ ಇಂಜೆಕ್ಷನ್ ಹಾಕಲ್ಲ ಅಂತ ಇಡೀ ಗೊಟ್ಟಿಗೆರೆಗೆ ಹೇಳ್ಕೊಂಡು ಬರ್ತಾರೆ."

ಅವನು ಅವಳ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡ. ಅಡುಗೆಮನೆಯಲ್ಲಿ ಲೋಟದ ಸದ್ದಾಯಿತು. ಚೂಡಾಮಣಿಯವರ ದನಿ ಕೇಳಿಸಿತು.

"ಕಾಫಿ ತರ್ಲಾ? ಇಲ್ಲಾ ಇನ್ನೂ ಸ್ವಲ್ಪ ಹೊತ್ತು ಬೇಕಾ?"

ವಸಿಷ್ಠ ನಾಚಿ ಕೈ ಬಿಡಲು ಹೋದ. ಶಾಲಿನಿ ಬಿಡಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಬೇಕು ಆಂಟಿ!"