ನಗರಗೆರೆಯ ಮೇಲೆ ನಾಲ್ಕು ನಿಮಿಷ

2025ರ ನವೆಂಬರ್ 16, ಭಾನುವಾರ. ಬೆಳಗ್ಗೆ 7.10ಕ್ಕೆ ಗೌರಿಬಿದನೂರಿನ ಠಾಣೆಗೆ ಇಬ್ಬರು ಬಂದರು. ಮುಂದೆ ಬಂದವರು ಚಿಂತಾಮಣಿಯ ಟೊಮೆಟೊ ಮಂಡಿ ಮಾಲೀಕ ರಮೇಶ್‌ಬಾಬು. ಅವರ ಹಿಂದೆ, ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತ, ವಾಚ್‌ಮನ್ ವೆಂಕಟರವಣಪ್ಪ.

"ನಮ್ಮ ವಿಮಾನಾನ ಯಾರೋ ಹೊಡೆದುಹಾಕಿದಾರೆ," ಎಂದರು ರಮೇಶ್‌ಬಾಬು.

ಸಬ್ ಇನ್‌ಸ್ಪೆಕ್ಟರ್ ಶಿರೀಷಾ ತಲೆ ಎತ್ತಿದಳು. "ಹೊಡೆದುಹಾಕಿದಾರೆ ಅಂದ್ರೆ?"

"ಹಾರೆ ತಗೊಂಡು ಮೇಡಂ. ಮನುಷ್ಯರನ್ನ ಹೊಡೆದಂಗೆ ಹೊಡೆದಿದಾರೆ."

ದೂರು ಬರೆಸಿಕೊಂಡು, ಎಫ್ಐಆರ್ ದಾಖಲಿಸಿ, ಶಿರೀಷಾ ಹೆಡ್ ಕಾನ್‌ಸ್ಟೆಬಲ್ ಅಫ್ಜಲ್‌ನೊಂದಿಗೆ 8.25ಕ್ಕೆ ಸ್ಥಳ ತಲುಪಿದಳು. ನಗರಗೆರೆ ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಉದ್ದನೆಯ ಮಣ್ಣಿನ ಪಟ್ಟಿ. ಅದರ ತುದಿಯಲ್ಲಿ ಮೂರು ಕಡೆ ತಗಡು ಹೊಡೆದು ಒಂದು ಕಡೆ ಬಯಲು ಬಿಟ್ಟ ಶೆಡ್. ಊರವರು ಅದನ್ನು ರನ್‌ವೇ ಹೊಲ ಎನ್ನುತ್ತಿದ್ದರು. ಐವರು ಹವ್ಯಾಸಿ ಪೈಲಟ್‌ಗಳು ಸೇರಿ ಕೊಂಡ ಎರಡು ಸೀಟಿನ ಪುಟ್ಟ ವಿಮಾನ ಒಂಬತ್ತು ವರ್ಷದಿಂದ ಅಲ್ಲಿತ್ತು. ವಾರದ ಕೊನೆಯಲ್ಲಿ ಸರದಿಯ ಮೇಲೆ ಹಾರಿಸುತ್ತಿದ್ದರು.

ಈಗ ಅದರ ಪ್ರೊಪೆಲ್ಲರ್ ಮೂರು ತುಂಡಾಗಿತ್ತು. ಮುಂದಿನ ಗಾಜು ಪುಡಿಯಾಗಿ ಸೀಟುಗಳ ಮೇಲೆ ಸುರಿದಿತ್ತು. ಮೀಟರುಗಳಿದ್ದ ಹಲಗೆ ಒಳಕ್ಕೆ ಕುಸಿದಿತ್ತು. ಹಾರೆ ಚಕ್ರದ ಪಕ್ಕದಲ್ಲೇ ಬಿದ್ದಿತ್ತು.

ಐವರೂ ಆಗಲೇ ಬಂದು ಸೇರಿದ್ದರು. ಸಾವಿನ ಮನೆಗೆ ಬಂದವರ ಹಾಗೆ ಚಪ್ಪಲಿ, ಬೂಟುಗಳನ್ನು ಶೆಡ್ಡಿನ ಹೊರಗೇ ಯಾಕೆ ಬಿಟ್ಟಿದ್ದರೋ ಅವರಿಗೇ ಗೊತ್ತಿರಲಿಲ್ಲ. ಚಿಕ್ಕಬಳ್ಳಾಪುರದ ಹಲ್ಲಿನ ಡಾಕ್ಟರ್ ಮಧುಸೂದನ್ ಮುಚ್ಚುಮರೆಯಿಲ್ಲದೆ ಅಳುತ್ತಿದ್ದರು. ಬೆಂಗಳೂರಿನ ಇಬ್ಬರು ಫೋನಿನಲ್ಲಿ ಯಾರಿಗೋ ಕೂಗಿ ಹೇಳುತ್ತಿದ್ದರು: ಇದು ಕೊಲೆ ಯತ್ನ, ಇದನ್ನು ಇಲ್ಲಿಗೆ ಬಿಡುವುದಿಲ್ಲ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಸುವ ರೀಲರ್ ಅಮಾನುಲ್ಲಾ ಒಬ್ಬರೇ ದೂರದಲ್ಲಿ, ಬದುವಿನ ಮೇಲೆ ಎರಡೂ ಕೈ ಜೇಬಿನಲ್ಲಿಟ್ಟು, ವಿಮಾನಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಯಾರು ಅಂತ ಎಲ್ರಿಗೂ ಗೊತ್ತು ಮೇಡಂ," ಎಂದರು ರಮೇಶ್‌ಬಾಬು. "ಪಕ್ಕದ ಹೊಲದ ಮುನಿವೆಂಕಟಪ್ಪ. ಅವನ ಗಬ್ಬದ ಹಸು ಕಂದು ಹಾಕಿದ್ದು ನಮ್ಮ ವಿಮಾನದ ಸದ್ದಿಗೇ ಅಂತ ಟೀ ಅಂಗಡೀಲಿ ಕೂತು ಹೇಳಿದ್ದ, ಒಂದಿನ ಆ ವಿಮಾನದ ಕಾಲು ಮುರೀತೀನಿ ಅಂತ. ಹಾರೆನೂ ಅವನದೇ."

ಹಾರೆ ಮುನಿವೆಂಕಟಪ್ಪನದೇ ಎನ್ನುವುದನ್ನು ವಾಚ್‌ಮನ್ ಒಪ್ಪಿದ. ಬೇಲಿ ಕಂಬ ನೆಡಲು ಹೋದ ವಾರ ತಾನೇ ಕೇಳಿ ತಂದು, ಶೆಡ್ಡಿನ ಮೂಲೆಯಲ್ಲಿ ಇಟ್ಟಿದ್ದನಂತೆ.

ಪಂಚರ ಸಮಕ್ಷಮ ಪಂಚನಾಮೆ ಶುರುವಾಯಿತು. ಮುರಿದದ್ದನ್ನು ಎಲ್ಲರೂ ಬರೆಯುತ್ತಾರೆ. ಮುರಿಯದೆ ಉಳಿದದ್ದನ್ನೂ ಬರೆಸುವುದು ಶಿರೀಷಾಳ ಅಭ್ಯಾಸ. ಏನನ್ನೋ ಬಿಟ್ಟುಬಿಟ್ಟೆ ಎಂಬ ದಿಗಿಲು ಅವಳನ್ನು ಎಂಟು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ಬಿಟ್ಟಿರಲಿಲ್ಲ.

"ರೆಕ್ಕೆ ಎರಡು ಅಂತಾನೂ ಬರೀಲಾ ಮೇಡಂ?" ಅಫ್ಜಲ್ ಕೇಳಿದ.

"ಬರೀರಿ."

ಎಡ ರೆಕ್ಕೆಯ ಕೆಳಗೆ ಬೆರಳ ಗಾತ್ರದ ಕೊಳವೆಯೊಂದಿತ್ತು. ಅದಕ್ಕೆ ಕೆಂಪು ಬಟ್ಟೆಯ ಗವಸು ತೊಡಿಸಿತ್ತು. ಅದೇನೆಂದು ಕೇಳಿದಳು.

"ಹಾರುವಾಗ ಗಾಳಿ ಅದರೊಳಗೆ ಹೋದ್ರೇನೇ ವೇಗ ಗೊತ್ತಾಗೋದು," ಮಧುಸೂದನ್ ಕಣ್ಣೊರೆಸಿಕೊಂಡರು. "ಕಣಜ ಹೋಗಿ ಗೂಡು ಕಟ್ಟಿಬಿಟ್ರೆ ಕಷ್ಟ. ಅದಕ್ಕೇ ಇಳಿದ ಕೂಡಲೇ ಗವಸು ಹಾಕ್ತೀವಿ."

ಅದನ್ನೂ ಬರೆಸಿದಳು.

ಮಧ್ಯಾಹ್ನ ಮುನಿವೆಂಕಟಪ್ಪನನ್ನು ವಿಚಾರಣೆಗೆ ಕರೆಸಲಾಯಿತು. ಅರವತ್ತೆಂಟರ ಗಟ್ಟಿ ಮನುಷ್ಯ, ಊರಿನ ಹಾಲಿನ ಡೈರಿಯ ಅಧ್ಯಕ್ಷ. ಜೊತೆಗೆ ಕರೆಯದೆಯೇ ಬಂದ ಹೆಂಡತಿ ರಾಮಲಕ್ಷ್ಮಮ್ಮ.

"ಕಾಲು ಮುರೀತೀನಿ ಅಂದಿದ್ದು ಹೌದಾ?"

"ಅಂದೆ ಕಣಮ್ಮಾ. ಕೋಪ ಬಂದಿತ್ತು, ಅಂದೆ."

"ಶನಿವಾರ ಸಂಜೆ ಎಲ್ಲಿದ್ರಿ?"

"ಹೊಲದಾಗೆ. ಒಬ್ನೇ."

"ಅಯ್ಯೋ ದೇವುಡಾ, ಒಬ್ನೇ ಅಂತ ಬೇರೆ ಹೇಳ್ತಾನೆ!" ರಾಮಲಕ್ಷ್ಮಮ್ಮ ಹಣೆ ಚಚ್ಚಿಕೊಂಡಳು. "ಜೋಳದ ಕಡ್ಡಿ ಮುರಿಯೋಕೆ ಸೊಂಟ ನೋವು ಅಂತಾನಮ್ಮಾ ಈವಯ್ಯ. ವಿಮಾನ ಮುರೀತಾನಾ?"

"ನೀನು ಸುಮ್ನಿರೇ." ಮುನಿವೆಂಕಟಪ್ಪ ಶಿರೀಷಾಳ ಕಡೆ ತಿರುಗಿದ. "ಇಪ್ಪತ್ತು ವರ್ಷದಿಂದ ಬೆಳಗಾದ್ರೆ ಡೈರೀಲಿ ನಿಂತು ಹಾಲು ಅಳೆಸ್ತೀನಮ್ಮಾ. ನೀವು ಅರೆಸ್ಟ್ ಮಾಡಿ ಆಮೇಲೆ ಬಿಟ್ರೂ ಅಷ್ಟೇ. ನಾಳಿಂದ ಅಲ್ಲಿ ನಿಲ್ಲೋಕಾಗಲ್ಲ."

ಹಾರೆ ಹಿಡಿದ ಬೊಬ್ಬೆಗಳಿವೆಯೇ ಎಂದು ಅವನ ಅಂಗೈಗಳನ್ನು ನೋಡಿದಳು. ಮರದ ಹಲಗೆಯ ಹಾಗೆ ಗಟ್ಟಿ. ಅದರಿಂದ ಏನೂ ತಿಳಿಯಲಿಲ್ಲ. ಹೇಳಿಕೆ ಬರೆದುಕೊಂಡು ಮನೆಗೆ ಕಳಿಸಿದಳು.

4 ಗಂಟೆಗೆ ಸರ್ಕಲ್ ಸಾಹೇಬರ ಫೋನ್ ಬಂತು. ಮೇಲಿನಿಂದ ಒತ್ತಡವಿದೆ, ಮೋಟಿವ್ ಇದೆ, ಹಾರೆ ಇದೆ, ಇನ್ನೇನು ಬೇಕು. "ನಾಳೆ ಸಂಜೆ ಆರರೊಳಗೆ ಆ ಮುದುಕನ ಅರೆಸ್ಟ್ ತೋರಿಸಿ."

ಆಮೇಲೆ ವಾಚ್‌ಮನ್ ಹೇಳಿಕೆ. ಶನಿವಾರ ಮಧ್ಯಾಹ್ನ ಡಾಕ್ಟರ್ ಹಾರಿಸಿ ನಿಲ್ಲಿಸಿ ಹೋದರು. ಐದೂವರೆಗೆ ತಾನು ಊಟಕ್ಕೆ ಊರಿಗೆ ಹೋದೆ, ಏಳೂವರೆಗೆ ಬಂದೆ. ಕತ್ತಲಲ್ಲಿ ಶೆಡ್ಡಿನೊಳಗೆ ನೋಡಲಿಲ್ಲ.

"ಊಟಕ್ಕೆ ಹೋಗೋವಾಗ ಎಲ್ಲಾ ಸರಿಯಾಗಿತ್ತಾ?"

"ಇತ್ತಮ್ಮ." ವೆಂಕಟರವಣಪ್ಪ ತಲೆ ಕೆರೆದುಕೊಂಡ. "ಡಾಕ್ಟ್ರು ಆ ಕೆಂಪು ಟೋಪಿ ಹಾಕೋದ್ ಮರೆತಿದ್ರು. ಮೊಳೇಲೇ ನೇತಾಡ್ತಿತ್ತು."

"ನೀವು ಹಾಕಿದ್ರಾ?"

"ನಾನಾ? ವಿಮಾನ ಮುಟ್ಟಂಗಿಲ್ಲಮ್ಮ ನಾನು. ಮುಟ್ಟಿದ್ರೆ ಎಲ್ರೂ ಬೈತಾರೆ."

ಶಿರೀಷಾ ಬರೆಯುವುದನ್ನು ನಿಲ್ಲಿಸಿದಳು. ಐದೂವರೆಗೆ ಮೊಳೆಯಲ್ಲಿದ್ದ ಗವಸು ಬೆಳಗ್ಗೆ ಕೊಳವೆಯ ಮೇಲಿತ್ತು. ವಿಮಾನವನ್ನು ಚಚ್ಚಿ ಹಾಕಿದವನೇ, ಕಣಜ ಹೊಕ್ಕೀತೆಂದು ಅದಕ್ಕೆ ಗವಸು ತೊಡಿಸಿ ಹೋಗಿದ್ದ. ಹಸುವಿನ ಸಿಟ್ಟಿಗೆ ಬಂದವನು ಹಾಗೆ ಮಾಡುವುದಿಲ್ಲ. ವರ್ಷಗಟ್ಟಲೆ ಮಾಡಿ ಮಾಡಿ ಕೈಗೇ ರೂಢಿಯಾಗಿರಬೇಕು: ಆ ಐವರಲ್ಲೇ ಒಬ್ಬರು.

ಸೋಮವಾರ ಬೆಳಗ್ಗೆ 9.30ಕ್ಕೆ ಚಿಕ್ಕಬಳ್ಳಾಪುರ. ಗವಸು ಮರೆತದ್ದನ್ನು ಮಧುಸೂದನ್ ತಲೆ ತಗ್ಗಿಸಿ ಒಪ್ಪಿಕೊಂಡರು. "ಬೇರೆಯೋರಿಗೆ ಹೇಳ್ಬೇಡಿ ಮೇಡಂ. ಮಾನ ಹೋಗುತ್ತೆ." ಶನಿವಾರ ಸಂಜೆ ಎಂಟರವರೆಗೂ ಕ್ಲಿನಿಕ್ಕಿನಲ್ಲಿದ್ದುದಕ್ಕೆ ರೋಗಿಗಳು ಸಾಕ್ಷಿ. ಬೆಂಗಳೂರಿನ ಇಬ್ಬರೂ ಆ ಸಂಜೆ ಊರು ಬಿಟ್ಟಿರಲಿಲ್ಲವೆಂದು ಅಫ್ಜಲ್ ವಿಚಾರಿಸಿ ಖಚಿತ ಮಾಡಿಕೊಂಡ. ಉಳಿದವರು ಇಬ್ಬರು.

12.15ಕ್ಕೆ ಚಿಂತಾಮಣಿ. ರಮೇಶ್‌ಬಾಬು ಶನಿವಾರ ಸಂಜೆ ಮಂಡಿಯಲ್ಲೇ ಇದ್ದರು. ಲಾರಿಯವರು, ಹಮಾಲರು ಎಲ್ಲರೂ ನೋಡಿದ್ದರು. ಮನೆಗೆ ಕರೆದು ಟೀ ಕೊಟ್ಟರು. ಟ್ರೇ ತಂದವಳು ಮಗಳು ಭಾನುಪ್ರಿಯಾ, ಪಿಯುಸಿ ಹುಡುಗಿ, ಅತ್ತು ಕಣ್ಣು ಕೆಂಪಾಗಿತ್ತು.

"ನಿನ್ನೆ ನಾನು ಹೋಗ್ಬೇಕಿತ್ತು ಮೇಡಂ. ಅಮಾನುಲ್ಲಾ ಅಂಕಲ್ ಜೊತೆ, ಸೆಕೆಂಡ್ ಟೈಮ್."

"ಮೊದಲನೇ ಸಲ ಯಾವಾಗ?"

"ನವೆಂಬರ್ ಎರಡು. ಅವತ್ತು ಅಂಕಲ್ ನಂಗೇ ಹಾರಿಸೋಕೆ ಕೊಟ್ರು!"

"ಹದಿನೈದು ದಿನದಿಂದ ನಮ್ಮನೇಲಿ ಇದೇ ಪುರಾಣ ಮೇಡಂ," ರಮೇಶ್‌ಬಾಬು ಮೊದಲ ಸಲ ನಕ್ಕರು. "ಇಡ್ಲಿ ತಿನ್ನೋವಾಗ್ಲೂ ಕೈ ಹಿಂಗೇ, ವಿಮಾನ ಹಾರಿಸಿದಂಗೇ ಇರುತ್ತೆ, ನೋಡಿ."

"ಸುಮ್ನಿರಪ್ಪ. ಮೇಡಂ, ನಗರಗೆರೆ ಮೇಲೆ ಹೋಗ್ತಿದ್ವಿ. ಅಂಕಲ್ ಏನೂ ಹೇಳ್ಲಿಲ್ಲ, ಸುಮ್ನೆ ಕೈ ಬಿಟ್ಬಿಟ್ರು. ಟೆಸ್ಟ್ ಮಾಡ್ತಿದಾರೆ ಅಂತ ನಂಗೆ ಗೊತ್ತಾಯ್ತು. ಮೂಗು ಕೆಳಗೆ ಹೋಗ್ತಿತ್ತು, ನಾನು ಹಿಡ್ಕೊಂಡೆ. ನಿಧಾನಕ್ಕೆ ಮೇಲೆ ತಂದೆ. ಅವರು ಕಣ್ಣು ಮುಚ್ಕೊಂಡು ಒರಗಿಬಿಟ್ರು ಗೊತ್ತಾ? ಅಷ್ಟು ನಂಬಿಕೆ ನನ್ ಮೇಲೆ!"

"ನೀನು ಅವರನ್ನ ಕರೆದ್ಯಾ?"

"ಎರಡ್ಸಲ. ಮಾತಾಡ್ಲಿಲ್ಲ. ಟೆಸ್ಟಲ್ಲಿ ಮಾತಾಡಲ್ಲ ಅಲ್ವಾ. ನಾಲ್ಕು ನಿಮಿಷ ಮೇಡಂ, ನಾನೇ ಟೈಮ್ ನೋಡ್ಕೊಂಡೆ. ಆಮೇಲೆ ಕಣ್ಣು ಬಿಟ್ಟು, ಸ್ವಲ್ಪ ಹೊತ್ತು ನನ್ನೇ ನೋಡಿ, 'ಶಾಬಾಶ್ ಬೇಟಿ' ಅಂದ್ರು. ವಾಪಸ್ ಇಳಿಸಿದ್ದು ಅವರೇ." ಹುಡುಗಿ ಕಿಟಕಿಯ ಕಡೆ ತಿರುಗಿದಳು. "ಇನ್ನು ಯಾವಾಗ ಸಿಗುತ್ತೋ."

ಶಿರೀಷಾ ಟೀ ಲೋಟ ಹಿಡಿದೇ ಕೂತಿದ್ದಳು. ಮಗಳ ಮಾತಿಗೆ ಹೆಮ್ಮೆಯಿಂದ ನಗುತ್ತಿದ್ದ ತಂದೆಯ ಮುಖವನ್ನು ನೋಡಲಾಗದೆ, ಎದ್ದು ನಿಂತಳು.

2.40ಕ್ಕೆ ಶಿಡ್ಲಘಟ್ಟ. ಅಮಾನುಲ್ಲಾರ ರೀಲಿಂಗ್ ಘಟಕದ ಬೀದಿಗೆ ತಿರುಗಿದೊಡನೆ ಬೆಂದ ಗೂಡಿನ, ಸತ್ತ ಹುಳುವಿನ ವಾಸನೆ ಜೀಪಿನೊಳಗೆ ನುಗ್ಗಿತು. ಒಳಗೆ ಹಬೆ; ಬಿಸಿನೀರಿನ ತೊಟ್ಟಿಗಳ ಮುಂದೆ ಸಾಲಾಗಿ ಹೆಂಗಸರು.

"ಮೂಗು ಮುಚ್ಕೊಳಮ್ಮ, ನಾಚ್ಕೋಬೇಡ," ಎಂದಳು ಮೊದಲ ತೊಟ್ಟಿಯ ಕೊಂಡಮ್ಮ. "ನಮ್ಮ ಮೂಗು ಯಾವತ್ತೋ ಸತ್ತೋಯ್ತು."

"ನಿಮ್ಮ ಸಾಹೇಬ್ರು ಶನಿವಾರ ಸಂಜೆ ಇಲ್ಲೇ ಇದ್ರಾ?"

"ಎಲ್ಲಿ? ಮೂರೂವರೆಗೇ ಕಾರ್ ತಗೊಂಡು ಹೋದ್ರಲ್ಲ."

ಅಮಾನುಲ್ಲಾ ಹಿಂದಿನ ಕೋಣೆಯಲ್ಲಿದ್ದರು. ಐವತ್ತೆಂಟು ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎರಡೂ ಅಂಗೈಗೆ ಬ್ಯಾಂಡೇಜ್.

"ಕೈಗೇನಾಯ್ತು?"

"ಬಿಸಿನೀರು."

"ಶನಿವಾರ ಸಂಜೆ ಎಲ್ಲಿದ್ರಿ?"

"ಇಲ್ಲೇ."

"ನಿಮ್ಮ ಕೆಲಸದೋರು ಬೇರೆ ಹೇಳ್ತಾರೆ."

ಅಮಾನುಲ್ಲಾ ಕೈಗಳನ್ನು ಮೇಜಿನ ಕೆಳಗೆ ಸರಿಸಿದರು.

"ಗವಸು ಯಾಕೆ ಹಾಕಿದ್ರಿ?"

"ಯಾವ ಗವಸು?"

"ರೆಕ್ಕೆ ಕೆಳಗಿನ ಕೆಂಪು ಗವಸು. ಡಾಕ್ಟರ್ ಮರೆತು ಹೋಗಿದ್ದು."

ಅಮಾನುಲ್ಲಾ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

"ಹಾಕಿದ್ನಾ?" ಎಂದರು ಮೆಲ್ಲಗೆ.

"ಸಂಜೆ ಆರಕ್ಕೆ ಮುನಿವೆಂಕಟಪ್ಪನವರನ್ನ ಅರೆಸ್ಟ್ ಮಾಡಬೇಕು ಅಂತ ಆರ್ಡರ್ ಇದೆ. ಹಾರೆ ಅವರದು."

"ಅವರದು ಅಂತ ನಿನ್ನೆ ಅಲ್ಲೇ ಗೊತ್ತಾಗಿದ್ದು." ಅವರು ಕಣ್ಣು ಮುಚ್ಚಿದರು. "ಎರಡು ಸಲ ನಿಮ್ಮ ಹತ್ರ ಬರೋಕೆ ಹೊರಟೆ. ಕಾಲು ಬರ್ಲಿಲ್ಲ. ಬರ್ಕೊಳ್ಳಿ ಮೇಡಂ. ನಾನೇ."

ಅಫ್ಜಲ್ ಪೆನ್ನು ತೆಗೆದ.

"ಭಾನು ಜೊತೆ ಹೋದಾಗ ಏನಾಯ್ತು?" ಶಿರೀಷಾ ಕೇಳಿದಳು.

"ಫಿಟ್ಸ್. ಬೆಂಗಳೂರಲ್ಲಿ ತೋರಿಸ್ದೆ, ಹಾಗೇ ಅಂದ್ರು. ಇನ್ನು ಹಾರಂಗಿಲ್ಲ ಅಂದ್ರು."

"ನಿಮ್ಮವರಿಗೆ ಹೇಳ್ಬಹುದಿತ್ತಲ್ಲ."

"ಹೇಳೋಕೆ ಮೂರು ಸಲ ಫೋನ್ ಮಾಡ್ದೆ. ಮೂರು ಸಲನೂ ಮಳೆ ಬೆಳೆ ಮಾತಾಡಿ ಇಟ್ಬಿಟ್ಟೆ. ಹೇಳಿದ್ರೆ ನಾನು ಪೈಲಟ್ ಅಲ್ಲ ಅಂತ ಆಗೋಗುತ್ತೆ." ಅವರು ತೊಟ್ಟಿಗಳ ಕಡೆ ಕೈ ತೋರಿದರು. "ಹುಟ್ಟಿದ್ದು ಈ ವಾಸನೇಲಿ ಮೇಡಂ. ಮದುವೇಲಿ ಅತ್ತರ್ ಹಾಕ್ಕೊಂಡ್ರೂ ನನ್ನ ಹೆಂಡ್ತಿ ಜಾಹಿದಾ ಮೂಗು ಮುಚ್ಕೊಂಡಿದ್ಲು. ಮೊದಲ ಸಲ ಮೇಲೆ ಹೋದಾಗ ನಂಗೆ ನಲವತ್ತೇಳು. ಕಿಟಕಿ ಸ್ವಲ್ಪ ತೆಗೆದೆ. ಏನೂ ವಾಸನೆ ಇಲ್ಲ. ಅಂಥ ಗಾಳಿ ಒಂದಿರುತ್ತೆ ಅಂತಾನೇ ಗೊತ್ತಿರ್ಲಿಲ್ಲ. ಆವತ್ತಿಂದ ವಾರ ಪೂರ್ತಿ ಅದೊಂದಕ್ಕೇ ಕಾಯ್ತಿದ್ದೆ."

"ಶನಿವಾರ ಒಡೆಯೋಕೆ ಅಂತಾನೇ ಹೋದ್ರಾ?"

"ಇಲ್ಲ. ಹಾರೋಕೆ. ಒಬ್ನೇ, ಕೊನೇ ಸಲ ಅಂತ. ವಾಚ್‌ಮನ್ ಹೋಗೋವರೆಗೂ ಕಾದು ಸೀಟಲ್ಲಿ ಕೂತೆ. ಕೂತಾಗ ಗೊತ್ತಾಯ್ತು, ಇದು ಕೊನೇ ಸಲ ಆಗಲ್ಲ. ಬೆಳಗಾದ್ರೆ ಆ ಮಗೂನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗೇ ಹೋಗ್ತೀನಿ. ನನ್ನ ನಾನು ತಡಿಯೋಕಾಗಲ್ಲ. ಇಳಿದೆ. ಮೂಲೇಲಿ ಹಾರೆ ಇತ್ತು."

ಹೊರಗೆ ತೊಟ್ಟಿಗಳ ನೀರು ಕೊತಕೊತ ಕುದಿಯುತ್ತಿತ್ತು.

"ವಿಮಾನದಲ್ಲಿ ಅವರದೂ ಪಾಲಿದೆಯಲ್ಲ ಮೇಡಂ. ಕೇಸ್ ನಿಲ್ಲುತ್ತಾ?" ಅಫ್ಜಲ್ ಪಿಸುಗುಟ್ಟಿದ.

"ಬೇರೆಯೋರದೂ ಪಾಲಿದೆ. ನಿಲ್ಲುತ್ತೆ."

ಆಸ್ತಿಗೆ ಹಾನಿ ಮಾಡಿದ್ದಕ್ಕೆ ಬಿಎನ್ಎಸ್ ಕಲಂ 324ರ ಅಡಿ ಸಂಜೆ 4.05ಕ್ಕೆ ದಸ್ತಗಿರಿ. ಹೆಂಡತಿ ಜಾಹಿದಾಗೆ ವಿಷಯ ತಿಳಿಸಿ ಸಹಿ ಪಡೆಯಲಾಯಿತು. ಮುನಿವೆಂಕಟಪ್ಪನಿಗೆ ಅಫ್ಜಲ್ ಫೋನ್ ಮಾಡಿದ. ಎತ್ತಿದವಳು ರಾಮಲಕ್ಷ್ಮಮ್ಮ. "ಈವಯ್ಯ ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ ಕಣಪ್ಪಾ," ಎಂದು ಅತ್ತೇಬಿಟ್ಟಳು.

ಠಾಣೆಯ ಮುಂದೆ ಪೈಲಟ್‌ಗಳು ನಾಲ್ವರೂ ಕಾಯುತ್ತಿದ್ದರು. ಮುದುಕನನ್ನು ತರುತ್ತಾರೆಂದುಕೊಂಡವರು, ಜೀಪಿನಿಂದ ಇಳಿದ ಅಮಾನುಲ್ಲಾರನ್ನು ನೋಡಿ ಕಲ್ಲಾದರು.

"ಭಾಯ್, ನೀವಾ? ಯಾಕೆ?" ಮಧುಸೂದನ್ ಮುಂದೆ ಬಂದರು.

"ಮೆಡಿಕಲ್ ಫಿಟ್‌ನೆಸ್ ಹೋಯ್ತು ಡಾಕ್ಟ್ರೇ. ಫಿಟ್ಸ್."

ನಾಲ್ವರಿಗೂ ಐವತ್ತು ದಾಟಿತ್ತು. ಬೆಂಗಳೂರಿನವರಲ್ಲೊಬ್ಬರು ಮುಖ ಎತ್ತಿ ಬರಿದಾದ ಆಕಾಶವನ್ನು ನೋಡಿ, ತಟ್ಟನೆ ತಗ್ಗಿಸಿದರು.

"ಯಾವಾಗ ಬಂತು?" ರಮೇಶ್‌ಬಾಬು ಕೇಳಿದರು.

ಅಮಾನುಲ್ಲಾ ಶಿರೀಷಾಳ ಕಡೆ ನೋಡಿದರು. ಅದನ್ನು ಹೇಳುವುದು ಅವಳ ಪಾಲಿಗೆ ಬಂತು.

"ನವೆಂಬರ್ ಎರಡು."

ರಮೇಶ್‌ಬಾಬು ಲೆಕ್ಕ ಹಾಕಿದ್ದು ಅವರ ಮುಖದಲ್ಲೇ ಕಂಡಿತು. ಅಮಾನುಲ್ಲಾರ ಕಡೆಗೆ ಒಂದು ಹೆಜ್ಜೆ ಇಟ್ಟರು. ಕೈ ಎತ್ತಿದರು. ಆಮೇಲೆ ಠಾಣೆಯ ಮೆಟ್ಟಿಲ ಮೇಲೆ ಕುಸಿದು ಕೂತು ಆ ಕೈಯಲ್ಲಿ ತಮ್ಮ ಮುಖವನ್ನೇ ಮುಚ್ಚಿಕೊಂಡರು.

ಕೇಸಿನ ದಿನಚರಿಯಲ್ಲಿ ಉದ್ದೇಶ ಬರೆಯುವ ಜಾಗ ಬಂದಾಗ ಶಿರೀಷಾ ಬಹಳ ಹೊತ್ತು ಯೋಚಿಸಿದಳು. ಹಗೆ, ದ್ವೇಷ, ಲಾಭ, ಇವು ಯಾವುವೂ ಹೊಂದಲಿಲ್ಲ. ಆರೋಪಿಯು ಹಾರುವ ಆಸೆಯನ್ನು ತಡೆಯಲಾರದೆ, ಇನ್ನೊಬ್ಬರ ಜೀವಕ್ಕೆ ಅಪಾಯವಾದೀತೆಂಬ ಭಯದಿಂದ ಕೃತ್ಯ ಎಸಗಿರುತ್ತಾನೆ ಎಂದು ಬರೆದು, ಎರಡು ಸಲ ಓದಿ, ಹಾಗೇ ಬಿಟ್ಟಳು.

ಮಂಗಳವಾರ ಬೆಳಗ್ಗೆ 7.30ಕ್ಕೆ ಠಾಣೆಯ ಫೋನ್ ಹೊಡೆದುಕೊಂಡಿತು.

"ಮೇಡಂ, ನಾನು ಭಾನುಪ್ರಿಯಾ. ಅಪ್ಪ ಎಲ್ಲಾ ಹೇಳಿದ್ರು. ಹಾಗಾದ್ರೆ ಅವತ್ತು ಅದು ಟೆಸ್ಟ್ ಅಲ್ವಾ?"

"ಅಲ್ಲಮ್ಮ."

"ಮತ್ತೆ ಆ ನಾಲ್ಕು ನಿಮಿಷ ವಿಮಾನ ಹಾರಿಸ್ತಿದ್ದದ್ದು ಯಾರು?"

"ನೀನೇ," ಎಂದಳು ಶಿರೀಷಾ. "ಬೇರೆ ಯಾರೂ ಇರ್ಲಿಲ್ಲ."

ಹುಡುಗಿ ಅಳುತ್ತಿದ್ದಾಳೋ ಇಲ್ಲವೋ ಗೊತ್ತಾಗಲಿಲ್ಲ.

"ಅಂಕಲ್‌ನ ನೋಡೋಕೆ ಬಿಡ್ತೀರಾ ಮೇಡಂ?"

"ಹನ್ನೊಂದಕ್ಕೆ ಕೋರ್ಟಿಗೆ ಕರ್ಕೊಂಡು ಹೋಗ್ತೀವಿ. ಅಷ್ಟರೊಳಗೆ ಬಾ."

"ಬರ್ತೀನಿ," ಎಂದಳು ಹುಡುಗಿ. "ಬಸ್ ಸ್ಟ್ಯಾಂಡಲ್ಲೇ ಇದೀನಿ."