ಸೌತೆಕಾಯಿ ಸುಶಿಯ ಮೊದಲ ತುತ್ತು

ಒಂದೇ ತುತ್ತು. ಎರಡನೆಯದಕ್ಕೆ ಬಾಯಿ ತೆರೆಯುವ ಮೊದಲೇ ಚೇತನಾಳ ತುಟಿ ಊದಿತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಆರು ತಿಂಗಳ ಬಸುರಿ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಳು.

ತಲ್ಲೂರಿನ ಹೆದ್ದಾರಿ ಬದಿಯ ಆ ಸುಶಿ ಹೋಟೆಲಿಗೆ ಎಸ್‌ಐ ಹರಿಣಾಕ್ಷಿ ಬರುವಷ್ಟರಲ್ಲಿ ಗಂಡ ಅಕ್ಷಯ್ ಅವಳನ್ನು ಕುಂದಾಪುರದ ಆಸ್ಪತ್ರೆಗೆ ಒಯ್ದಿದ್ದ. ಅತ್ತೆ ಜಲಜ ಮೇಜಿನ ಬಳಿ ಎದೆ ಬಡಿದುಕೊಳ್ಳುತ್ತಿದ್ದರು.

"ಹ್ವಾಯ್ ಮೇಡಂ, ಅವ್ನನ್ ಬಿಡ್ಬೇಡಿ! ನಮ್ ಸೊಸಿಗೆ ವಿಷ ಹಾಕ್ದ!"

ಅವರು ಬೆರಳು ತೋರಿಸಿದ್ದು ಅಡುಗೆಯ ಅಶೋಕನತ್ತ. ಮುಂಬಯಿಯಲ್ಲಿ ಹನ್ನೆರಡು ವರ್ಷ ಸುಶಿ ಎಂಬ ಜಪಾನಿ ಅನ್ನದ ಸುರುಳಿ ಸುತ್ತಿ, ಊರಿಗೆ ಮರಳಿ ಹೋಟೆಲು ತೆರೆದವನು. ಅವನು ಅಡುಗೆಮನೆಯ ಬಾಗಿಲು ತೆರೆದು ತೋರಿಸಿದ.

"ಚಟ್ಲಿ ಮೈಗೆ ಆತಿಲ್ಲ ಅಂದೇಳಿ ಚೇತನಾ ಅವ್ರ್ ನಿನ್ನೆಯೇ ಫೋನ್ ಮಾಡಿದ್ರ್ ಮೇಡಂ. ಬಸುರಿ ಅಂದೇಳಿ ಹಸಿ ಮೀನೂ ಇಟ್ಟಿಲ್ಲ. ಬರೀ ಸೌತೆಕಾಯಿ."

ಹರಿಣಾಕ್ಷಿ ಅಡುಗೆಮನೆ ಹೊಕ್ಕರು. ಚಟ್ಲಿ, ಅಂದರೆ ಸಿಗಡಿ, ಕರಿದ ಎಣ್ಣೆ ದೂರದ ಒಲೆಯ ಮೇಲಿತ್ತು. ಚೇತನಾಳಿಗೆಂದು ಬೇರೆ ಚಾಕು, ಬೇರೆ ಹಲಗೆ, ಸುತ್ತುವ ಚಾಪೆಗೆ ಹೊಸ ಪ್ಲಾಸ್ಟಿಕ್, ಆಗಷ್ಟೇ ಒಡೆದ ಸೋಯಾ ಸಾಸ್ ಬಾಟಲಿ. ಏಡಿ ಕತ್ತರಿಸಿದ ಚಾಕು ಸಿಂಕಿನಲ್ಲಿತ್ತು. ಸಿಗಡಿ ಆಗದವರಿಗೆ ಏಡಿಯೂ ಆಗದಿರಬಹುದು; ಅದರ ಮೇಲೆ ಅನುಮಾನ ಬಂತು. ಆದರೆ ಕ್ಯಾಮೆರಾದಲ್ಲಿ ಕಂಡಂತೆ, ಚೇತನಾಳ ತಟ್ಟೆ ಹೊರಗೆ ಹೋದ ಮೇಲಷ್ಟೇ ಅಶೋಕ ಆ ಚಾಕು ಮುಟ್ಟಿದ್ದ.

ಅಡುಗೆಮನೆ ದಾಟುವಾಗ ತಟ್ಟೆ ಶುದ್ಧವಾಗಿತ್ತು. ಹಾಗಿದ್ದರೆ?

* * *

ಚೇತನಾಳ ನಾದಿನಿ ಪ್ರೇಕ್ಷಾ ಅಳುತ್ತಲೇ ಮೊಬೈಲು ಕೊಟ್ಟಳು. "ಅತ್ತಿಗಿ ಬಯಕೆ ಅಲ್ದಾ, ಅದ್ಕೆ ವಿಡಿಯೋ ಮಾಡಿದ್ದೆ."

ಬಸುರಿಯ ಬಯಕೆಗೆ ಹಿರಿಯರು ಮೊದಲ ತುತ್ತು ಕೈಯಾರೆ ಉಣಿಸಬೇಕು. ವಿಡಿಯೋದಲ್ಲಿ ಜಲಜ ಸೆರಗಿನಿಂದ ಕಾಗದದ ಪೊಟ್ಟಣ ತೆಗೆದರು. "ದೇವ್ರ ಪ್ರಸಾದ, ಹೆಣ್ಣೆ" ಎನ್ನುತ್ತ ಎಡಗೈಯಿಂದ ಒಂದು ಚಿಟಿಕೆ ಉದುರಿಸಿ, ಸುಶಿಯ ತುಂಡನ್ನು ಸೊಸೆಯ ಬಾಯಿಗಿಟ್ಟರು. ಎಲ್ಲರೂ ನಕ್ಕರು.

ಹರಿಣಾಕ್ಷಿ ಮೂರು ಸಲ ನೋಡಿದರು. ಆಮೇಲೆ ಕಸದ ಬುಟ್ಟಿಯನ್ನು ನೆಲಕ್ಕೆ ಸುರಿದು ಹುಡುಕಿದರು.

* * *

ಆಸ್ಪತ್ರೆಯ ಮೊಗಸಾಲೆ. ತಾಯಿ, ಮಗು ಇಬ್ಬರೂ ಉಳಿದರೆಂದು ಡಾಕ್ಟರು ಹೇಳಿಹೋಗಿದ್ದರು. "ಆದ್ರೆ ಇನ್ನೊಮ್ಮೆ ಹೀಗಾದ್ರೆ ನಂಗೆ ಭರವಸೆ ಇಲ್ಲ."

ಹರಿಣಾಕ್ಷಿ ಪೊಟ್ಟಣವನ್ನು ಜಲಜರ ಮುಂದೆ ಹಿಡಿದರು.

"ಜಲಜಕ್ಕ, ಪ್ರಸಾದ ಕಸಕ್ಕೆ ಬಿದ್ದಿತ್ತ್. ತಕಣಿ, ಕಣ್ಣಿಗೊತ್ಕಣಿ."

ಜಲಜರ ಕೈ ಮೇಲೇಳಲಿಲ್ಲ.

"ಮೀನ್ ಮುಟ್ಟಿರೆ ಮಿಂದೇ ದೇವ್ರಿಗೆ ಹೂ ಇಡೂರ್ ನೀವ್ ಅಂದೇಳಿ ಪ್ರೇಕ್ಷಾ ಹೇಳಿದ್ಲ್. ಅಂಥೋರ್ ಪ್ರಸಾದ ಎಡಗೈಲಿ ಉದುರ್ಸಿದ್ರಿ. ಅಲ್ಲೇ ನಂಗೆ ಗೊತ್ತಾಯ್ತ್. ಇದ್ರ ವಾಸನಿ ನೋಡಿದೆ. ಒಣ ಚಟ್ಲಿ ಪುಡಿ."

ಅಕ್ಷಯ್ ಗೋಡೆಗೆ ಒರಗಿದ. "ಅಮ್ಮಾ?"

"ಸಾಯ್ಲಿ ಅಂದೇಳಿ ಹಾಕ್ಲಿಲ್ಲ ಮಗಾ!" ಜಲಜ ಕುಸಿದು ಕೂತರು. "ಕಡಲಲ್ಲಿ ಬದ್ಕೂ ಮನಿ ನಮ್ದ್. ಚಟ್ಲಿ ತಿಂಬುಕಾಗ್ದಿದ್ ಹೆಣ್ ಇತ್ತಾ? ಎಲ್ಲಾ ನಾಟ್ಕ ಅಂದ್ಕಂಡೆ. ಹೊಟ್ಟಿ ಒಳ್ಗಿನ್ ಮಗುವಿಗಾರೂ ಅಭ್ಯಾಸ ಆಯ್ಲಿ ಅಂದೇಳಿ ದಿನಾ ಒಂಚೂರ್ ಸಾರಿಗೆ..."

"ದಿನಾ?" ಎಂದ ಅಕ್ಷಯ್.

ಎರಡು ವಾರದಿಂದ ಚೇತನಾಳ ಮೈಮೇಲೆ ಏಳುತ್ತಿದ್ದ ದದ್ದುಗಳಿಗೆ, ಬಸುರಿನ ಕಜ್ಜಿಯೆಂದು ಅಕ್ಷಯನೇ ಎಣ್ಣೆ ಹಚ್ಚಿದ್ದ.

"ಸಾರಿಗೆ ಬೆರೆತದ್ದು ತೀರ ಕಮ್ಮಿ, ದದ್ದಿಗೆ ಮುಗೀತ್. ಇವತ್ತು ಇಡೀ ಚಿಟಿಕೆ ಒಂದೇ ತುಂಡಿನ ಮೇಲೆ," ಎಂದರು ಹರಿಣಾಕ್ಷಿ. "ಹೋಟ್ಲಲ್ಲಿ ಆದ್ರೆ ತಪ್ಪು ಅಶೋಕನ ತಲಿಗೆ. ಅಷ್ಟಾದ್ರೂ ನಿಮಗೆ ಹೊಳ್ದಿತ್ತಲ್ದಾ ಅಕ್ಕ?"

ಜಲಜ ಸೆರಗಿನಿಂದ ಮುಖ ಮುಚ್ಚಿಕೊಂಡರು. ಜೊತೆಗೆ ಬಂದಿದ್ದ ಪೇದೆ ರತ್ನ ಅವರ ತೋಳು ಹಿಡಿದು ಎಬ್ಬಿಸಿದಳು.

* * *

ಸಂಜೆ ಚೇತನಾ ಎಚ್ಚರಗೊಂಡಳು. ಅಕ್ಷಯ್ ತಡೆತಡೆದು ಎಲ್ಲವನ್ನೂ ಹೇಳಿದ. ಅವಳು ಅಳಲಿಲ್ಲ. ಗಂಜಿಯ ಚಮಚ ಅವನು ಬಾಯಿಯ ಹತ್ತಿರ ತಂದಾಗ ಮುಖ ಹಿಂದೆ ಸರಿಸಿದಳು.

"ಇದ್ ಯಾರ್ ಮಾಡಿದ್ದ್?"

"ನಾನೇ, ಮಾರಾಯ್ತಿ."

ಚೇತನಾ ಬಟ್ಟಲನ್ನು ಅವನತ್ತಲೇ ತಳ್ಳಿದಳು.

"ಮೊದ್ಲ್ ನೀವ್ ಉಣ್ಣಿ."